ಕೀಲಿ ಕೊಡುವ ಮುನ್ನ ಪಟ್ಟಿ ಕೇಳಿ

ರಾಯಚೂರಿನ ರಾಜೇಂದ್ರ ಗಂಜಿಗೆ ಹತ್ತಿ ತಂದ ರೈತ ಸಂಜೆ ಊರಿಗೆ ಮರಳುವಾಗ ಅವನ ಕಿಸೆಯಲ್ಲಿ ಒಂದು ಚೀಟಿ ಇರುತ್ತದೆ. ಗಂಜಿನ ಮಾತಿನಲ್ಲಿ ಅದು ಪಟ್ಟಿ. ಎಷ್ಟು ಚೀಲ, ಎಷ್ಟು ತೂಕ, ಕ್ವಿಂಟಲಿಗೆ ಯಾವ ದರ, ಹಮಾಲಿ ಎಷ್ಟು, ಮೊದಲೇ ಪಡೆದ ಮುಂಗಡದಲ್ಲಿ ಮುರಿದುಕೊಂಡದ್ದೆಷ್ಟು, ಕೊನೆಗೆ ಕೈಗೆ ಬಂದದ್ದೆಷ್ಟು ಎಂಬುದೆಲ್ಲ ಅದರಲ್ಲಿ ಸಾಲಾಗಿ ಬರೆದಿರುತ್ತದೆ. ಬರೆದುಕೊಟ್ಟ ದಲ್ಲಾಳಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯಡಿ ಲೈಸೆನ್ಸ್ ಪಡೆದವನು. ಲೆಕ್ಕದಲ್ಲಿ ತಕರಾರು ಬಂದರೆ ಪಟ್ಟಿ ಹಿಡಿದು ಎಪಿಎಂಸಿ ಕಚೇರಿಗೆ ಹೋಗಬಹುದು. ಅದೇ ರೈತನ ಮನೆತನ ಮಕ್ಕಳ ಓದಿಗೆಂದು ರಾಯಚೂರಿನಲ್ಲಿ ಕೊಂಡ ಫ್ಲ್ಯಾಟು ಖಾಲಿ ಬಿದ್ದಾಗ ನಡೆಯುವುದೇ ಬೇರೆ. ಹತ್ತು ಚೀಲ ಹತ್ತಿಗೆ ಪಟ್ಟಿ ಕೇಳಿದವರು, ಜೀವಮಾನದ ಗಳಿಕೆ ಸುರಿದ ಮನೆಯ ಕೀಲಿಯನ್ನು ಒಂದು ಫೋನ್ ನಂಬರಿನ ಭರವಸೆಯ ಮೇಲೆ ಮನೆ ಬ್ರೋಕರ್ ಕೈಗೆ ಹಾಕುತ್ತಾರೆ. ಚೀಟಿಯಿಲ್ಲ, ಸಹಿಯಿಲ್ಲ, ರಸೀದಿಯಿಲ್ಲ. ಖಾಲಿ ಮನೆಗೆ ಬ್ರೋಕರ್ ಆರಿಸುವ ಪ್ರಶ್ನೆ ಬಂದಾಗ ನನ್ನ ವಾದ ಇಷ್ಟೇ: ಯಾರು ಬೇಗ ಬಾಡಿಗೆದಾರನನ್ನು ತರುತ್ತಾರೆ ಎಂಬುದನ್ನು ಎರಡನೆಯದಾಗಿ ನೋಡಿ. ಬಾಡಿಗೆದಾರ ಖಾಲಿ ಮಾಡಿ ಕೀಲಿ ನಿಮ್ಮ ಕೈಗೆ ಮರಳುವ ದಿನದವರೆಗೆ ಯಾರು ಕಾಗದದ ಮೇಲೆ ನಿಮಗೆ ಜವಾಬುದಾರರಾಗಿರುತ್ತಾರೆ ಎಂಬುದನ್ನು ಮೊದಲು ನೋಡಿ.

ಈ ಊರಲ್ಲಿ ಬಾಡಿಗೆಗೆ ಬೇಡಿಕೆ ಇಲ್ಲವೆಂದಲ್ಲ. ಕೃಷಿ ವಿಶ್ವವಿದ್ಯಾಲಯ, ರಿಮ್ಸ್, 2019ರಲ್ಲಿ ಶುರುವಾದ ಐಐಐಟಿ, ಶಕ್ತಿನಗರ ಮತ್ತು ಯರಮರಸ್‌ನ ವಿದ್ಯುತ್ ಸ್ಥಾವರಗಳು, ಬ್ಯಾಂಕುಗಳು, ಜಿಲ್ಲಾ ಕಚೇರಿಗಳು, ಇವೆಲ್ಲ ವರ್ಷವರ್ಷವೂ ಹೊಸ ಮುಖಗಳನ್ನು ತರುತ್ತವೆ. ಆದರೂ ಮನೆಗಳು ಖಾಲಿ ಇವೆ. 2011ರ ಜನಗಣತಿ ದೇಶದ ನಗರಗಳಲ್ಲಿ ಸುಮಾರು 1.11 ಕೋಟಿ ಮನೆಗಳು ಖಾಲಿ ಇರುವುದನ್ನು ದಾಖಲಿಸಿತು. ಮರುವರ್ಷವೇ ಕೇಂದ್ರದ ತಾಂತ್ರಿಕ ಸಮಿತಿಯೊಂದು ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆಯಿದೆ ಎಂದು ಲೆಕ್ಕ ಕೊಟ್ಟಿತು. ಕೊರತೆಯೂ ಖಾಲಿಯೂ ಒಂದೇ ಊರಲ್ಲಿ ಒಟ್ಟೊಟ್ಟಿಗೆ ಇರುವುದಕ್ಕೆ 2017-18ರ ಆರ್ಥಿಕ ಸಮೀಕ್ಷೆ ಹೇಳಿದ ಕಾರಣಗಳಲ್ಲಿ ಒಂದು, ಮಾಡಿಕೊಂಡ ಕರಾರು ನಡೆಯುತ್ತದೆಂಬ ನಂಬಿಕೆ ಇಲ್ಲದಿರುವುದು. ರಾಯಚೂರಿನಲ್ಲಿ ಮನೆಯಿದ್ದು ಮಾನ್ವಿಯಲ್ಲಿ ಕೂತ ಮಾಲೀಕರ ಭಯವೂ ಅದೇ. ಬಾಡಿಗೆ ನಿಲ್ಲಿಸಿದರೆ ಯಾರು ಹೋಗಿ ಕೇಳುವುದು, ಖಾಲಿ ಮಾಡದಿದ್ದರೆ ಯಾರ ಬಾಗಿಲು ತಟ್ಟುವುದು ಎಂದು ಅಂಜಿ ಕೆಲವರು ಬೀಗ ಹಾಕಿಯೇ ಬಿಡುತ್ತಾರೆ. ಬ್ರೋಕರ್ ಬೇಕಾಗುವುದು ಈ ಭಯವನ್ನು ನೀಗಲು. ಅದನ್ನು ನೀಗದವರು ಎಷ್ಟೇ ಬೇಗ ಬಾಡಿಗೆದಾರನನ್ನು ತಂದರೂ ಅರ್ಧ ಕೆಲಸವನ್ನಷ್ಟೇ ಮಾಡಿದ ಹಾಗೆ.

ಬ್ರೋಕರ್ ಲಾಭ ಎಲ್ಲಿದೆ ಎಂದು ಸಮಾಧಾನದಿಂದ ಲೆಕ್ಕ ಹಾಕೋಣ. ಸಾಮಾನ್ಯ ಪದ್ಧತಿಯಲ್ಲಿ ಮನೆ ಕುದುರಿದ ದಿನವೇ ಕಮಿಷನ್ ಕೈಸೇರುತ್ತದೆ. ಎಷ್ಟೋ ಸಲ ಮಾಲೀಕರಿಂದಲೂ ಬಾಡಿಗೆದಾರರಿಂದಲೂ ಎರಡೂ ಕಡೆಯಿಂದ ಸೇರುತ್ತದೆ. ಅಲ್ಲಿಗೆ ಅವರ ಋಣ ತೀರಿತು. ಬಾಡಿಗೆದಾರ ಮೂರನೇ ತಿಂಗಳಿಗೆ ಬಾಡಿಗೆ ನಿಲ್ಲಿಸಿದರೆ ಅವರಿಗೇನೂ ನಷ್ಟವಿಲ್ಲ. ಆರನೇ ತಿಂಗಳಿಗೆ ಬಿಟ್ಟುಹೋದರೆ ಇನ್ನೊಂದು ಕಮಿಷನ್ ಸಿಗುವುದರಿಂದ ಲಾಭವೇ ಇದೆ. ಇದನ್ನು ಒಬ್ಬ ಮನುಷ್ಯನ ಕೆಡುಕು ಎಂದು ತಿಳಿಯಬಾರದು, ಹಣ ಹರಿಯುವ ದಾರಿಯೇ ಹಾಗಿದೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಅಳೆದು ನೋಡಿದರು. ಷಿಕಾಗೊ ಸುತ್ತಲಿನ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಜಾಲಾಡಿದಾಗ, ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಗಿರಾಕಿಗಳ ಮನೆಗಿಂತ ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾದು, ಶೇಕಡಾ 3.7ರಷ್ಟು ಹೆಚ್ಚು ಬೆಲೆ ಪಡೆದದ್ದು ಕಂಡಿತು. ಅದು ಮಾರಾಟದ ಲೆಕ್ಕ, ನಮ್ಮದು ಬಾಡಿಗೆಯ ವಿಷಯ, ನಿಜ. ಆದರೆ ತನ್ನ ಮನೆಗಾದರೆ ಕಾಯುವ, ಪರರ ಮನೆಗಾದರೆ ಅವಸರ ಮಾಡುವ ಬುದ್ಧಿ ಕಮಿಷನ್ ಎಂಬ ಒಂದೇ ಬೇರಿನಿಂದ ಹುಟ್ಟುವಂಥದ್ದು. ಲೈಸೆನ್ಸು, ತರಬೇತಿ ಎಲ್ಲ ಇರುವ ದೇಶದಲ್ಲೇ ಹೀಗಾದರೆ ಅವು ಯಾವುವೂ ಇಲ್ಲದ ಕಡೆ ಕೇಳುವುದೇನು?

ಇದಕ್ಕೆ ಉತ್ತರವಾಗಿ ಮಾಲೀಕರು ಮಾಡುವ ತಪ್ಪು ಇನ್ನೊಂದಿದೆ. ಬ್ರೋಕರ್ ಅವಸರ ಮಾಡುತ್ತಾರೆಂದು ತಾವು ಹಟ ಹಿಡಿದು ಕೂರುತ್ತಾರೆ. ಹತ್ತು ಸಾವಿರ ಬಾಡಿಗೆ ಬರುವ ಮನೆಗೆ ಹನ್ನೊಂದು ಸಾವಿರವೇ ಬೇಕೆಂದು ಎರಡು ತಿಂಗಳು ಕಾದರೆ ಕಳೆದುಕೊಂಡದ್ದು ಇಪ್ಪತ್ತು ಸಾವಿರ. ತಿಂಗಳಿಗೆ ಒಂದು ಸಾವಿರದಂತೆ ಅದನ್ನು ತುಂಬಿಕೊಳ್ಳಲು ಇಪ್ಪತ್ತು ತಿಂಗಳು ಬೇಕು. ನಮ್ಮ ಕರಾರು ಪತ್ರದ ಆಯುಷ್ಯವೇ ಹನ್ನೊಂದು ತಿಂಗಳು! ಆದ್ದರಿಂದ ಒಳ್ಳೆಯ ಬ್ರೋಕರ್‌ನ ಮೊದಲ ಗುರುತು, ಮಾಲೀಕರ ಬಾಯಿಗೆ ಸಿಹಿಯಾಗುವ ಬಾಡಿಗೆ ಹೇಳದಿರುವುದು. ಅದೇ ಕಟ್ಟಡದಲ್ಲಿ, ಪಕ್ಕದ ಓಣಿಯಲ್ಲಿ ಕಳೆದ ಆರು ತಿಂಗಳಲ್ಲಿ ಯಾವ ಮನೆ ಎಷ್ಟಕ್ಕೆ ಹೋಯಿತು ಎಂದು ಕೇಳಿ. ನಾಲ್ಕು ಮನೆಗಳ ಲೆಕ್ಕ ತಡವರಿಸದೆ ಹೇಳುವವರಿಗೆ ಮಾರುಕಟ್ಟೆ ಗೊತ್ತಿದೆ. ನೀವು ಕೇಳಿದ ಬಾಡಿಗೆಗೆ ಕೂಡಲೇ ತಲೆಯಾಡಿಸುವವರಿಗೆ ನಿಮ್ಮ ಕೀಲಿ ಬೇಕಾಗಿದೆ, ಅಷ್ಟೇ.

ಕಾನೂನು ಕಾಯುವುದಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜ. ಕೆಲವು ಬ್ರೋಕರ್‌ಗಳ ಕಾರ್ಡಿನ ಮೇಲೆ ರೇರಾ ನೋಂದಣಿ ಸಂಖ್ಯೆ ಅಚ್ಚಾಗಿರುತ್ತದೆ. 2016ರ ಆ ರಿಯಲ್ ಎಸ್ಟೇಟ್ ಕಾಯ್ದೆ ಏಜೆಂಟರನ್ನು ನೋಂದಾಯಿಸುವುದು ನೋಂದಾಯಿತ ಯೋಜನೆಗಳ ನಿವೇಶನ, ಫ್ಲ್ಯಾಟುಗಳ ಮಾರಾಟಕ್ಕೆ. ಬಾಡಿಗೆ ಕೊಡಿಸುವ ಕೆಲಸದ ಬಗ್ಗೆ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಮಧ್ಯವರ್ತಿಗಳು ನೋಂದಾಯಿಸಿಕೊಳ್ಳಬೇಕು ಎನ್ನುತ್ತದೆ. ಆದರೆ ಪಟ್ಟಿ ಮಾಡಿದ ದೊಡ್ಡ ನಗರಗಳಲ್ಲಿ ಮೂರೂವರೆ ಸಾವಿರ, ಉಳಿದೆಡೆ ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ಅದೇ ಕಾಯ್ದೆ ತನ್ನ ಹೊರಗಿಟ್ಟಿದೆ. ಇವತ್ತು ಆ ದರಕ್ಕೆ ಫ್ಲ್ಯಾಟ್ ಎಲ್ಲಿದೆ? ಹೀಗೆ ಹೊರಗುಳಿದ ಮನೆಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಮನೆ ನೋಡಿಕೊಳ್ಳುವ ಮ್ಯಾನೇಜರ್‌ಗೆ ಚೆಂದದ ಕೆಲಸದ ಪಟ್ಟಿಯೇ ಇದೆ: ರಸೀದಿ ಕೊಟ್ಟು ಬಾಡಿಗೆ ವಸೂಲಿ, ಅಗತ್ಯ ರಿಪೇರಿ, ಆಗಾಗ ಮನೆ ತಪಾಸಣೆ, ಬಾಕಿ ಬಿದ್ದರೆ ನೋಟಿಸು, ತಕರಾರು ಬಂದರೆ ರಾಜಿಗೆ ನೆರವು. ರಾಜ್ಯಗಳು ತಾವಾಗಿ ಕಾಯ್ದೆ ಮಾಡಿಕೊಳ್ಳದೆ ಅದು ಜಾರಿಯಾಗದು. ಆದರೂ ಆ ಪಟ್ಟಿಯನ್ನು ಕರಾರಿಗೆ ನಕಲು ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ನಿಜವಾಗಿ ನಿಮ್ಮ ಕೈಹಿಡಿಯುವುದು ಇವೆಲ್ಲಕ್ಕಿಂತ ಹಳೆಯ ಕಾನೂನು, 1872ರ ಭಾರತೀಯ ಕರಾರು ಕಾಯ್ದೆ. ಅದರ ಹತ್ತನೇ ಅಧ್ಯಾಯ ಏಜೆಂಟನೆಂದರೆ ಯಾರು, ಅವನ ಹೊಣೆಯೇನು ಎಂದು ಬಿಡಿಸಿ ಹೇಳುತ್ತದೆ. ಏಜೆಂಟ್ ಒಡೆಯನ ಸೂಚನೆಯಂತೆ ನಡೆಯಬೇಕು, ಕಸುಬಿಗೆ ತಕ್ಕ ಕೌಶಲ ಮತ್ತು ಎಚ್ಚರ ತೋರಬೇಕು, ಕೇಳಿದಾಗ ಲೆಕ್ಕ ಒಪ್ಪಿಸಬೇಕು, ಒಡೆಯನ ಪರವಾಗಿ ಪಡೆದ ಹಣವನ್ನು ಒಡೆಯನಿಗೆ ಮುಟ್ಟಿಸಬೇಕು, ಒಡೆಯನಿಗೆ ತಿಳಿಸದೆ ಅದೇ ವ್ಯವಹಾರದಲ್ಲಿ ಸ್ವಂತ ಲಾಭ ಮಾಡಿಕೊಳ್ಳಬಾರದು. ಇದಕ್ಕೆ ಕಚೇರಿ, ಬೋರ್ಡು, ಲೈಸೆನ್ಸು ಯಾವುದೂ ಬೇಡ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ವ್ಯವಹಾರ ಮಾಡುವವರೂ ನಿಮ್ಮ ಪರ ಕೆಲಸ ಮಾಡಲು ಒಪ್ಪಿದರೆ ಏಜೆಂಟರೇ. ಆದರೆ ಒಪ್ಪಿದರೆಂದು ತೋರಿಸುವ ಕಾಗದ ಬೇಕು. ಅದಿಲ್ಲದಿದ್ದರೆ ‘ನಾನು ಬರೀ ಮನೆ ತೋರಿಸಿದವನು’ ಎನ್ನುವ ಒಂದೇ ಮಾತಿಗೆ ಇಡೀ ಅಧ್ಯಾಯ ಕೈತಪ್ಪಿಹೋಗುತ್ತದೆ.

ಅದೇ ಕಾಯ್ದೆಯ 237ನೇ ಕಲಮನ್ನು ಪ್ರತಿ ಮಾಲೀಕರೂ ಓದಬೇಕು. ಏಜೆಂಟನಿಗೆ ಇಂಥ ಅಧಿಕಾರವಿದೆ ಎಂದು ಮೂರನೆಯವರು ನಂಬುವಂತೆ ನೀವು ಮಾತಿನಿಂದಲೋ ನಡತೆಯಿಂದಲೋ ಮಾಡಿದ್ದರೆ, ಆ ಅಧಿಕಾರ ನೀವು ಕೊಟ್ಟಿರದಿದ್ದರೂ ಅವನು ಮಾಡಿದ್ದಕ್ಕೆ ನೀವೇ ಬದ್ಧರು. ಬಿಡಿಸಿ ಹೇಳಬೇಕೆಂದರೆ ಹೀಗೆ: ಕೀಲಿ ಬ್ರೋಕರ್ ಬಳಿ ಇದೆ, ಹಿಂದಿನ ಬಾಡಿಗೆಯನ್ನೂ ಅವರೇ ವಸೂಲು ಮಾಡುತ್ತಿದ್ದರು, ‘ಏನಿದ್ದರೂ ಅವರ ಹತ್ತಿರ ಮಾತಾಡಿ’ ಎಂದು ನೀವು ಫೋನಿನಲ್ಲಿ ಹೇಳಿದ್ದೀರಿ. ಬಾಡಿಗೆದಾರ ಐವತ್ತು ಸಾವಿರ ಡಿಪಾಸಿಟ್ ಅವರ ಕೈಗೆ ಕೊಟ್ಟ. ನಿಮಗೆ ಮುಟ್ಟಿದ್ದು ಇಪ್ಪತ್ತು ಸಾವಿರ. ಮನೆ ಬಿಡುವಾಗ ಆತ ಐವತ್ತು ಸಾವಿರವನ್ನೂ ನಿಮ್ಮಿಂದಲೇ ಕೇಳಿದರೆ, ನನಗೆ ಗೊತ್ತೇ ಇಲ್ಲ ಎಂಬ ಮಾತು ನಿಲ್ಲುವುದು ಕಷ್ಟ. ಬೆಂಗಳೂರಿನಲ್ಲಿ ಇದರ ದೊಡ್ಡ ರೂಪ ಪೊಲೀಸ್ ಠಾಣೆಯ ಮೆಟ್ಟಿಲೇರಿದೆ. ಮಧ್ಯವರ್ತಿಗಳು ಮಾಲೀಕರಿಗೆ ತಿಂಗಳ ಬಾಡಿಗೆಯ ಮಾತು ಹೇಳಿ, ಅದೇ ಮನೆಯನ್ನು ಬೇರೆಯವರಿಗೆ ಲಕ್ಷಾಂತರ ರೂಪಾಯಿಯ ಲೀಸಿಗೆ ಕೊಟ್ಟು, ಕೆಲವು ತಿಂಗಳು ಬಾಡಿಗೆ ಕಟ್ಟಿ ಕಾಣೆಯಾದ ಪ್ರಕರಣಗಳವು. ಅಲ್ಲಿ ಮಾಲೀಕರೂ ಮೋಸ ಹೋದರು, ಒಳಗೆ ವಾಸವಿದ್ದ ಸಂಸಾರಗಳೂ ಮೋಸ ಹೋದವು. ಆದ್ದರಿಂದ ಎರಡು ವಿಷಯದಲ್ಲಿ ಸಡಿಲ ಬಿಡಬೇಡಿ. ಬಾಡಿಗೆ ಕರಾರಿಗೆ ಸಹಿ ಹಾಕುವವರು ನೀವೇ ಆಗಿರಬೇಕು, ಬಾಡಿಗೆದಾರನ ಮುಖ ನೋಡಿಯೇ ಹಾಕಬೇಕು. ಡಿಪಾಸಿಟ್ ಮತ್ತು ಬಾಡಿಗೆ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೇ ಬರಬೇಕು. ಜನರಲ್ ಪವರ್ ಆಫ್ ಅಟಾರ್ನಿ ಕೇಳುವ ಬ್ರೋಕರ್‌ಗೆ ಕೈಮುಗಿದು ಕಳಿಸಿಬಿಡಿ.

ಕೀಲಿ ಕೈ ಬದಲಾಗುವ ಆ ಅರ್ಧ ಗಂಟೆಯನ್ನು ಹತ್ತಿರದಿಂದ ನೋಡಿದರೆ ಬ್ರೋಕರ್ ಎಂಥವರು ಎಂಬುದು ಬಯಲಾಗುತ್ತದೆ. ಕೆಲಸ ಬಲ್ಲವರು ಮೊದಲು ಮೀಟರ್ ಬೋರ್ಡಿನ ಮುಂದೆ ನಿಲ್ಲುತ್ತಾರೆ. ಜೆಸ್ಕಾಂನ ಆರ್.ಆರ್. ನಂಬರ್, ಅಂದಿನ ರೀಡಿಂಗು ಎರಡನ್ನೂ ಬರೆದು ಫೋಟೊ ತೆಗೆಯುತ್ತಾರೆ. 2023ರ ಜುಲೈಯಲ್ಲಿ ಶುರುವಾದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಲ್ಲುತ್ತದೆ. ಆದರೆ ಅದಕ್ಕೆ ಆಧಾರ್ ಆ ಆರ್.ಆರ್. ನಂಬರಿಗೆ ಜೋಡಣೆಯಾಗಬೇಕು. ಹಿಂದಿನವರು ಜೋಡಣೆ ಬಿಡಿಸದೆ ಹೋಗಿದ್ದರೆ ಹೊಸಬರಿಗೆ ಬಿಲ್ಲಿನ ತಕರಾರು ಮೊದಲ ತಿಂಗಳಿಂದಲೇ ಶುರು. ಇದನ್ನು ಮುಂಚೆಯೇ ವಿಚಾರಿಸುವವರು ತಿಂಗಳುಗಟ್ಟಲೆ ಬರುವ ಫೋನುಗಳನ್ನು ಉಳಿಸಿದರು ಎಂದೇ ಅರ್ಥ. ಆಮೇಲೆ ನಲ್ಲಿ. 2022ರ ಬೇಸಿಗೆಯಲ್ಲಿ ಕಲುಷಿತ ನೀರು ಕುಡಿದು ರಾಯಚೂರು ನಗರದಲ್ಲಿ ಜನ ಪ್ರಾಣ ಕಳೆದುಕೊಂಡ ಮೇಲೆ, ನೀರು ಎಲ್ಲಿಂದ ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರಿನ ನೀರು ಬಳಕೆಗೋ ಕುಡಿಯಲಿಕ್ಕೋ ಎಂಬ ಪ್ರಶ್ನೆಗೆ ಸುಳ್ಳು ಹೇಳುವ ಹಕ್ಕು ಯಾರಿಗೂ ಇಲ್ಲ. ಟ್ಯಾಂಕ್ ತೊಳೆದು ಎಷ್ಟು ದಿನವಾಯಿತು ಎಂಬುದನ್ನೂ ಬರೆದಿಡಬೇಕು. ಫ್ಯಾನು ಎಷ್ಟು, ಗೀಸರ್ ನಡೆಯುತ್ತದೆಯೇ, ಅಡುಗೆಮನೆಯ ಸಿಂಕಿನ ಕೆಳಗೆ ಒಸರುತ್ತಿದೆಯೇ, ಯಾವ ಗೋಡೆಯಲ್ಲಿ ಬಿರುಕು, ಎಷ್ಟು ಕೀಲಿಕೈ ಕೊಟ್ಟಿದ್ದು, ಎಲ್ಲವೂ ಒಂದು ಹಾಳೆಯಲ್ಲಿ. ಗಂಜಿನ ಪಟ್ಟಿಯಂತೆ ಇದು ಮನೆಯ ಪಟ್ಟಿ. ಹನ್ನೊಂದು ತಿಂಗಳಾದ ಮೇಲೆ ಡಿಪಾಸಿಟ್‌ನಲ್ಲಿ ಬಣ್ಣಕ್ಕೆಷ್ಟು, ರಿಪೇರಿಗೆಷ್ಟು ಮುರಿಯಬೇಕೆಂದು ಜಗಳವಾಗುವಾಗ ಮಾಲೀಕರನ್ನಷ್ಟೇ ಅಲ್ಲ, ಬಾಡಿಗೆದಾರನನ್ನೂ ಕಾಯುವುದು ಈ ಹಾಳೆ.

ಇನ್ನೊಂದು ಸಣ್ಣ ಪರೀಕ್ಷೆ. ಮೇಲ್ಮಹಡಿಯ ಫ್ಲ್ಯಾಟಾದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರಕ್ಕೆ ಅದನ್ನು ತೋರಿಸಲು ಬ್ರೋಕರ್ ಒಪ್ಪುತ್ತಾರೆಯೇ ನೋಡಿ. ರಾಯಚೂರಿನ ಬೇಸಿಗೆ ನಲವತ್ತು ಡಿಗ್ರಿ ದಾಟುವುದು ಯಾರಿಗೂ ಹೊಸ ಸುದ್ದಿಯಲ್ಲ. ಬೆಳಿಗ್ಗೆ ಎಂಟಕ್ಕೆ ತಂಪಿನಲ್ಲಿ ತೋರಿಸಿ ಕೊಟ್ಟ ಮನೆಯನ್ನು ಬಾಡಿಗೆದಾರ ಮೇ ತಿಂಗಳಲ್ಲಿ ಬಿಟ್ಟು ಹೋಗುತ್ತಾನೆ. ಮಧ್ಯಾಹ್ನದ ಝಳದಲ್ಲಿ ನೋಡಿ ಒಪ್ಪಿದವನು ನಿಲ್ಲುತ್ತಾನೆ.

ಈಗ ಆಕ್ಷೇಪಗಳಿಗೆ ಬರೋಣ. ಬ್ರೋಕರ್ ಯಾಕೆ ಬೇಕು, ಆ್ಯಪ್ ಇದೆಯಲ್ಲ ಎನ್ನುವವರಿದ್ದಾರೆ. ಬೆಂಗಳೂರಿನಲ್ಲಿ 2014ರಲ್ಲಿ ಶುರುವಾದ ನೋಬ್ರೋಕರ್ ತನ್ನ ಹೆಸರಿನಲ್ಲೇ ಆ ಮಾತನ್ನು ಹೇಳಿಕೊಂಡಿದೆ. ಮಾಲೀಕರು ಅದೇ ಊರಲ್ಲಿದ್ದರೆ ಈ ದಾರಿ ನಿಜಕ್ಕೂ ಒಳ್ಳೆಯದು. ಆದರೆ ಆ್ಯಪ್ ಮಾಡುವುದು ಇಬ್ಬರನ್ನು ಭೇಟಿ ಮಾಡಿಸುವ ಕೆಲಸ. ದೇವದುರ್ಗದಲ್ಲಿ ಇರುವ ನಿಮ್ಮ ಪರವಾಗಿ ಅದು ರಾಯಚೂರಿನ ನಿಜಲಿಂಗಪ್ಪ ಕಾಲೊನಿಯ ಮನೆಯ ಮೀಟರ್ ನೋಡಿ ಬರುವುದಿಲ್ಲ, ಒಡೆದ ಪೈಪಿಗೆ ಪ್ಲಂಬರನ್ನು ಕರೆಯುವುದಿಲ್ಲ. ಐವತ್ತು ಕಿಲೋಮೀಟರಿನ ಆಸುಪಾಸು ದೂರ, ಒಂದು ದಿನದ ಕೆಲಸ ಕೆಡಿಸುವಷ್ಟು ದೂರವೇ. ಇನ್ನು ಕೆಲವರು ರಾಯಚೂರಿನಲ್ಲೇ ಇರುವ ಭಾವಮೈದುನನೋ ಅಳಿಯನೋ ನೋಡಿಕೊಳ್ಳುತ್ತಾನೆ ಎನ್ನುತ್ತಾರೆ. ನೋಡಿಕೊಳ್ಳಲಿ, ಅದಕ್ಕಿಂತ ಒಳ್ಳೆಯದೇನಿದೆ. ಆದರೆ ಬೀಗರ ಹತ್ತಿರ ಲೆಕ್ಕ ಕೇಳುವುದು ನಮ್ಮಲ್ಲಿ ಎಷ್ಟು ಕಷ್ಟ ಎಂಬುದು ಎಲ್ಲರಿಗೂ ಗೊತ್ತು. ಎರಡು ತಿಂಗಳ ಬಾಡಿಗೆ ಬರಲಿಲ್ಲವೇಕೆ ಎಂದು ಕೇಳಿದ ದಿನ ಸಂಬಂಧ ಮುರಿಯುತ್ತದೆ, ಕೇಳದೆ ಉಳಿದರೆ ಮನಸ್ಸು ಮುರಿಯುತ್ತದೆ. ಸಂಬಳವಿಲ್ಲದೆ ಮಾಡಿದರೂ ಏಜೆಂಟ್ ಏಜೆಂಟೇ ಎಂದು ಕರಾರು ಕಾಯ್ದೆ ಹೇಳುತ್ತದೆ. ಆದ್ದರಿಂದ ನೆಂಟರಿಗೂ ಒಂದು ಹಾಳೆ ಬರೆಯಿರಿ. ಅದರಿಂದ ನಂಟು ಉಳಿಯುತ್ತದೆ.

ಗಟ್ಟಿಯಾದ ಆಕ್ಷೇಪ ಮೂರನೆಯದು. ಇದೆಲ್ಲ ದೊಡ್ಡ ಊರಿನ ಮಾತು, ಇಲ್ಲಿ ಕಾಗದ ಕೇಳಿದರೆ ಬ್ರೋಕರ್ ಎದ್ದು ಹೋಗುತ್ತಾರೆ ಎಂಬುದು. ಹೋಗುವವರು ಹೋಗುತ್ತಾರೆ, ಸುಳ್ಳಲ್ಲ. ಒಂದೇ ಕಮಿಷನ್ ಕೊಟ್ಟು ವರ್ಷಪೂರ್ತಿ ಕೆಲಸ ಕೇಳಿದರೆ ಯಾರೂ ಒಪ್ಪರು, ಒಪ್ಪಬೇಕಾಗಿಯೂ ಇಲ್ಲ. ಇಲ್ಲಿ ಬದಲಾಗಬೇಕಾದವರು ಮಾಲೀಕರೇ. ಕಮಿಷನ್ ಪೂರ್ತಿ ನಾವೇ ಕೊಡುತ್ತೇವೆ, ಬಾಡಿಗೆದಾರನಿಂದ ಪೈಸೆ ತೆಗೆದುಕೊಳ್ಳಬೇಡಿ ಎಂದು ಮೊದಲೇ ಹೇಳಿ. ಅರ್ಧ ಹಣ ಕರಾರಿನ ದಿನ, ಉಳಿದರ್ಧ ಬಾಡಿಗೆ ಬಾಕಿಯಿಲ್ಲದೆ ಆರು ತಿಂಗಳು ಕಳೆದ ದಿನ ಕೊಡಿ. ತಿಂಗಳಿಗೊಮ್ಮೆ ಮನೆ ನೋಡಿ ಬರುವುದಕ್ಕೆ ಬೇರೆ ದುಡ್ಡು ಗೊತ್ತು ಮಾಡಿ. ಯಾರ ದುಡ್ಡು ತಿನ್ನುತ್ತಾರೋ ಅವರ ಕೆಲಸ ಮಾಡಬೇಕು ಎಂಬ ಈ ಸರಳ ನ್ಯಾಯವನ್ನು ಜರ್ಮನಿ 2015ರ ಜೂನ್‌ನಲ್ಲಿ ಕಾನೂನೇ ಮಾಡಿತು: ಬಾಡಿಗೆ ಮನೆಗೆ ಏಜೆಂಟನನ್ನು ಗೊತ್ತು ಮಾಡಿದವರೇ ಅವನ ಶುಲ್ಕ ಕೊಡಬೇಕು. ಇಂಗ್ಲೆಂಡ್ 2019ರಲ್ಲಿ ಬಾಡಿಗೆದಾರರಿಂದ ಏಜೆಂಟರು ಶುಲ್ಕ ಪಡೆಯುವುದನ್ನು ಬಹುಪಾಲು ನಿಲ್ಲಿಸಿತು. ಕಮಿಷನ್ ಪೂರ್ತಿ ನಾವೇ ಕೊಡುವುದು ದುಬಾರಿ ಎನಿಸಬಹುದು. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಆಗುವ ನಷ್ಟ ಒಂದು ತಿಂಗಳ ಪೂರ್ತಿ ಬಾಡಿಗೆ ಎಂಬುದನ್ನು ಎದುರಿಗಿಟ್ಟು ಲೆಕ್ಕ ಹಾಕಿ. ಜೊತೆಗೆ ಇದೂ ತಿಳಿದಿರಲಿ: ಆದಾಯ ತೆರಿಗೆಯಲ್ಲಿ ಬಾಡಿಗೆ ಆದಾಯಕ್ಕೆ ಸಿಗುವ ಶೇಕಡಾ 30ರ ಕಡಿತದೊಳಗೇ ರಿಪೇರಿ, ಕಮಿಷನ್ ಎಲ್ಲ ಸೇರಿಹೋಗುತ್ತದೆ, ಕಮಿಷನ್‌ಗೆ ಬೇರೆ ವಿನಾಯಿತಿ ಇಲ್ಲ.

‘ಚಿಂತೆ ಬೇಡ ಸರ್, ನಮ್ಮವರನ್ನೇ ಕರಕೊಂಡು ಬರ್ತೀನಿ’ ಎಂಬ ಭರವಸೆಯ ಬಗ್ಗೆ ಖಡಾಖಂಡಿತವಾಗಿ ಹೇಳಬೇಕಾಗಿದೆ. ನಮ್ಮವರು ಎಂದರೆ ಜಾತಿ, ಧರ್ಮ. ಈ ಮಾತು ಕೇಳಿ ಮಾಲೀಕರು ನಿರಾಳರಾಗುತ್ತಾರೆ, ಕಾಗದಪತ್ರ ಕೇಳುವುದನ್ನು ಬಿಡುತ್ತಾರೆ. ಬಾಡಿಗೆದಾರನ ಗುರುತಿನ ಚೀಟಿ, ನೌಕರಿಯ ದಾಖಲೆ, ಹಿಂದಿನ ಮನೆ ಮಾಲೀಕರ ಜೊತೆ ಒಂದು ಮಾತು, ಪೊಲೀಸ್ ಠಾಣೆಗೆ ಕೊಡಬೇಕಾದ ಮಾಹಿತಿ, ಇಷ್ಟನ್ನೂ ಜಾತಿಯ ಹೆಸರೊಂದು ನುಂಗಿಹಾಕುತ್ತದೆ. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಲಿನ ನಗರಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ, ದಲಿತರಿಗೂ ಮುಸ್ಲಿಮರಿಗೂ ಬಾಡಿಗೆ ಮನೆಯ ಬಾಗಿಲು ಹೇಗೆ ಮುಚ್ಚುತ್ತದೆ ಎಂಬುದನ್ನು ದಾಖಲಿಸಿದೆ. ರಿಮ್ಸ್‌ಗೆ ಬಂದ ವೈದ್ಯೆ, ಶಕ್ತಿನಗರಕ್ಕೆ ವರ್ಗವಾದ ಎಂಜಿನಿಯರ್, ಕೃಷಿ ವಿಶ್ವವಿದ್ಯಾಲಯದ ಸಂಶೋಧಕ ಎಲ್ಲ ಸಮುದಾಯದವರೂ ಇದ್ದಾರೆ. ಸಂಬಳ ತಿಂಗಳ ಮೊದಲಿಗೇ ಖಾತೆಗೆ ಬರುವ ಇಂಥವರನ್ನು ಹೆಸರು ಕೇಳಿ ಹಿಂದೆ ಕಳಿಸುವ ಬ್ರೋಕರ್ ನಿಮಗೆ ನಷ್ಟವನ್ನೂ ಅವರಿಗೆ ಅವಮಾನವನ್ನೂ ಮಾಡುತ್ತಾರೆ. ಇಂಥ ಭರವಸೆ ಕೊಟ್ಟವರನ್ನು ಅಲ್ಲಿಗೇ ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾನ್ವಿ ಮತ್ತು ದೇವದುರ್ಗ ಪಟ್ಟಣಗಳೊಳಗಿನ ಮನೆಗಳಿಗೆ ಇಷ್ಟೆಲ್ಲ ಬೇಡ. ಅಲ್ಲಿ ಬಾಡಿಗೆಗೆ ಬರುವವರು ಹೆಚ್ಚಾಗಿ ವರ್ಗವಾಗಿ ಬಂದ ಶಿಕ್ಷಕರು, ಬ್ಯಾಂಕಿನವರು, ತಾಲ್ಲೂಕು ಕಚೇರಿಯವರು. ಸಾಲೆಯಲ್ಲೋ ಕಿರಾಣಿ ಅಂಗಡಿಯಲ್ಲೋ ಒಂದು ಮಾತು ಹೇಳಿದರೆ ವಾರದೊಳಗೆ ವಿಚಾರಣೆ ಬರುತ್ತದೆ, ಮಾಲೀಕರು ಕೂಗಳತೆಯಲ್ಲೇ ಇರುತ್ತಾರೆ. ಆದರೆ ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಹೈದರಾಬಾದಿಗೋ ದುಡಿಯಲು ಹೋದವರದ್ದು ಬೇರೆ ಮಾತು. ಅವರ ಮನೆ ಚಿಕ್ಕದಿರಬಹುದು, ಬಾಡಿಗೆ ಎರಡು ಮೂರು ಸಾವಿರವಿರಬಹುದು, ಆದರೆ ದೂರ ನೂರಾರು ಕಿಲೋಮೀಟರು. ಅವರಿಗೂ ಊರಲ್ಲಿ ಒಬ್ಬ ಜವಾಬುದಾರ ಮನುಷ್ಯ ಬೇಕು, ಅವರಿಗೂ ಅದೇ ಹಾಳೆ ಬೇಕು.

ಆ ಹಾಳೆಗೆ ಒಂದು ಪುಟ ಸಾಕು. ಬ್ರೋಕರ್ ಹೆಸರು, ವಿಳಾಸ, ಮಾಡಬೇಕಾದ ಕೆಲಸ, ಮಾಡಬಾರದ ಕೆಲಸ, ಕಮಿಷನ್ ಎಷ್ಟು, ಯಾವಾಗ, ಕೀಲಿ ಎಷ್ಟು, ಮೀಟರ್ ರೀಡಿಂಗ್ ಎಷ್ಟು. ಎರಡು ಪ್ರತಿ ಬರೆದು ಎರಡಕ್ಕೂ ಇಬ್ಬರೂ ಸಹಿ ಹಾಕಿ, ಒಂದನ್ನು ಅವರಿಗೆ ಕೊಡಿ, ಇನ್ನೊಂದನ್ನು ಮನೆಯ ಕ್ರಯಪತ್ರದ ಜೊತೆಗೆ ಇಟ್ಟುಕೊಳ್ಳಿ. ಕೀಲಿಯನ್ನು ಆಮೇಲೆ ಕೊಡಿ.